ಹೊಸ್ತಿಲ ಕೆಳಗಿನ ಮಡಕೆ

ಸನ್‌ಶೈನ್, ಮೆಲ್ಬರ್ನ್
12 ನವೆಂಬರ್ 2006

ಲತೇಶ,

ಫೋನ್ ಮಾಡಿದರೆ ನೀನು ಹೂಂ ಹೂಂ ಎನ್ನುತ್ತಾ ಕಂಪ್ಯೂಟರ್ ಕುಟ್ಟುತ್ತಿರುತ್ತಿ. ಕಾಗದವಾದರೆ ಕೊನೆಯವರೆಗೆ ಓದುತ್ತಿ ಎಂದು ಅಮ್ಮ ಹೇಳುತ್ತಿದ್ದುದು ನೆನಪಾಗಿ ಬರೆಯಲು ಕುಳಿತೆ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ನಿರೀಕ್ಷಾಳಿಗೆ ಪರೀಕ್ಷೆ, ನನಗೆ ಸೊಂಟನೋವು, ಎರಡೂ ಪ್ರತಿವರ್ಷದ್ದೇ.

ವಿಷಯ ಬೇರೆ ಉಂಟು. ನಮ್ಮ ಡಯಾಲಿಸಿಸ್ ವಾರ್ಡಿಗೆ ಇದ್ರಿಸ್ ಎಂಬವರು ವಾರಕ್ಕೆ ಮೂರು ಸಲ ಬರುತ್ತಾರೆ. ಸುಡಾನಿನವರು, ಅರವತ್ತೈದರ ಆಸುಪಾಸು, ಮಗ ಟ್ಯಾಕ್ಸಿ ಓಡಿಸುತ್ತಾನೆ. ನಾನು ಕುವೈತಿನ ಆಸ್ಪತ್ರೆಯಲ್ಲಿ ಕಲಿತ ಅರಬ್ಬಿ ಇಲ್ಲಿ ಉಪಯೋಗಕ್ಕೆ ಬರುವುದು ಅವರೊಬ್ಬರಿಗೇ. ಮೊನ್ನೆ ನೀನು ಕಳಿಸಿದ ಫೋಟೋವನ್ನು, ಅದೇ ನೈಲ್ ನದಿಯ ನಡುವಿನ ದ್ವೀಪ, ನಿಮ್ಮ ಡೇರೆಗಳು, ಹಿಂದೆ ಕರಿ ಬಂಡೆ, ಇನ್ನೊಬ್ಬ ನರ್ಸಿಗೆ ತೋರಿಸುತ್ತಿದ್ದೆ. ಸೂಜಿ ಚುಚ್ಚಿದ ಕೈ ಅಲುಗಿಸಬಾರದು ಎಂಬುದನ್ನೂ ಮರೆತು ಇವರು ಎದ್ದು ಕುಳಿತರು.

"ಸಿಸ್ಟರ್, ಇದು ಕುರ್ಗಾಬ್. ನಾನು ಹುಟ್ಟಿದ ಜಾಗ. ನಿಮಗೆಲ್ಲಿ ಸಿಕ್ತು?"

"ನನ್ನ ತಮ್ಮ ಅಲ್ಲಿ ಅಗೀತಾನೆ ಅಂಕಲ್. ಹಳೇ ಕಾಲದ್ದು ಹುಡುಕ್ತಾನೆ," ಎಂದೆ.

ಅವರು ಫೋಟೋ ಇಸಿದುಕೊಂಡು ಕರಿ ಬಂಡೆಯ ಮೇಲೆ ಬೆರಳಿಟ್ಟರು. ಆಮೇಲೆ ಹೇಳಿದರು. ಅವರ ಮೊದಲ ಮಗು ಹೆಣ್ಣು. ಹೆಸರಿಡುವ ದಿನಕ್ಕೆ ಮುಂಚೆಯೇ ಹೋಯಿತು. ಹಾಗೆ ಹೋದ ಮಗುವನ್ನು ಅವರ ದ್ವೀಪದಲ್ಲಿ ಸ್ಮಶಾನಕ್ಕೆ ಒಯ್ಯುವುದಿಲ್ಲವಂತೆ, ಮಡಕೆಯಲ್ಲಿ ಮಲಗಿಸಿ ಮನೆಯ ಹೊಸ್ತಿಲ ಕೆಳಗೆ ಹೂಳುತ್ತಾರಂತೆ. ತಾಯಿ ದಾಟಿ ಓಡಾಡಿದರೆ ಮಗು ಮತ್ತೆ ಅವಳ ಹೊಟ್ಟೆಗೇ ಬರುತ್ತದೆ ಎಂದು ನಂಬಿಕೆ. ಆದರೆ ತಾಯಿ ಹಲೀಮಾ ಬಾಣಂತಿಜ್ವರದಲ್ಲೇ ತೀರಿಕೊಂಡರು, ಈಗಿರುವ ಮಗ ಎರಡನೇ ಮದುವೆಯವನು. ಅವರ ಗೋರಿ ಎದುರು ದಡದ ಗುಡ್ಡದ ಮೇಲೆ ಉಂಟು. ಅಲ್ಲಿ ಈಗ ಕಟ್ಟುತ್ತಿರುವ ಅಣೆಕಟ್ಟಿನ ನೀರು ಗುಡ್ಡಕ್ಕೆ ಬರುವುದಿಲ್ಲ, ದ್ವೀಪ ಮಾತ್ರ ಪೂರ್ತಿ ಮುಳುಗುತ್ತದೆ.

ಅವರು ಕೇಳಿದ್ದು ಒಂದೇ. ನೀರು ಬರುವ ಮೊದಲು ನೀನು ಆ ಮಗುವನ್ನು ತೆಗೆದು ತಾಯಿಯ ಪಕ್ಕದಲ್ಲಿಡಬೇಕು. ಗುಡ್ಡ ಅಗೆದು ಇಲಿ ಹಿಡಿಯುವ ನಿನ್ನ ವಿದ್ಯೆಯಿಂದ ಒಬ್ಬರಿಗಾದರೂ ಉಪಕಾರವಾಗಲಿ ಮಾರಾಯ. ನಾನು ಆಗಲಿ ಎಂದು ಮಾತು ಕೊಟ್ಟಾಗಿದೆ.

ನಿನ್ನ ಹೆಂಡತಿ ಶ್ರದ್ಧಾಳಿಗೆ ಹೇಳು, ಅವಳ ಕಳಲೆ ಉಪ್ಪಿನಕಾಯಿ ಮುಗಿಯಿತು.

ಅಕ್ಕ ಜಲಜಾಕ್ಷಿ

*

ಹ್ಯಾರಿಸ್ ಪಾರ್ಕ್, ಸಿಡ್ನಿ
26 ನವೆಂಬರ್ 2006

ಅಕ್ಕ,

ನಿನ್ನ ಕಾಗದವನ್ನು ಎರಡು ಸಲ ಓದಿದೆ. ಮಾತು ಕೊಡುವುದರಲ್ಲಿ ನೀನು ಕರ್ಣನ ತಂಗಿ, ತೀರಿಸುವುದಕ್ಕೆ ನಾನು!

ತಮಾಷೆ ಇರಲಿ. ನಿನ್ನ ಇದ್ರಿಸ್ ಅಂಕಲ್ ನನಗೆ ಎಂಥ ಉಪಕಾರ ಮಾಡಿದ್ದಾರೆಂದು ನಿನಗೆ ಗೊತ್ತಿಲ್ಲ. ಕುರ್ಗಾಬಿನಲ್ಲಿ ಜನ ಮೂರು ಸಾವಿರ ವರ್ಷ ಬಿಡದೆ ಬದುಕಿದ್ದಾರೆ. ಮನೆ ಬಿದ್ದರೆ ಅದರ ಮೇಲೇ ಇನ್ನೊಂದು, ಅದರ ಮೇಲೆ ಮತ್ತೊಂದು. ನಾವು ಮೇಲಿನಿಂದ ಒಂದೊಂದೇ ಪದರ ಬಿಡಿಸುತ್ತಾ ಹೋಗುತ್ತೇವೆ, ಪತ್ರೊಡೆಯ ಸುತ್ತಿದ ಎಲೆ ಬಿಚ್ಚಿದ ಹಾಗೆ. ಈ ವರ್ಷದ ಜನವರಿಯಲ್ಲಿ ದ್ವೀಪದ ಮೇಲ್ತುದಿಯಲ್ಲಿ ಬಿದ್ದುಹೋದ ಒಂದು ಮನೆಯ ಹೊಸ್ತಿಲ ಕೆಳಗೆ ನನಗೆ ಒಂದು ಮಡಕೆ ಸಿಕ್ಕಿತು. ಮೈಮೇಲೆ ಮೀನಿನ ಚಿತ್ರ. ಒಳಗೆ ಹಸುಗೂಸಿನ ಎಲುಬುಗಳು. ಅಂಥ ಮಡಕೆಯನ್ನು ಮಾಡುತ್ತಿದ್ದುದು ಸಾವಿರದ ನೂರು ವರ್ಷದ ಹಿಂದೆ, ಅಲ್ಲಿನವರು ಇನ್ನೂ ಕ್ರೈಸ್ತರಾಗಿದ್ದ ಕಾಲದಲ್ಲಿ. ಹೊಸ್ತಿಲಿನ ಕಲ್ಲೂ ಅದೇ ಕಾಲದ್ದು. ಇಲಿಗಳು ಬಿಲ ತೋಡಿ ಮೇಲಿನ ಹೊಸ ಕಸವನ್ನೆಲ್ಲ ಒಳಗೆ ತಂದಿದ್ದವು, ಅದನ್ನು ಬೇರೆ ಮಾಡಿದೆವು. ಈಗ ನಿನ್ನ ಅಂಕಲ್ ಹೇಳುತ್ತಾರೆ, ತಾವೂ ಹಾಗೇ ಹೂಳಿದೆವು ಎಂದು! ದೇವರು ಬದಲಾದರೂ ಹೊಸ್ತಿಲು ಬದಲಾಗಲಿಲ್ಲ. ನನ್ನ ಲೇಖನಕ್ಕೆ ಇದಕ್ಕಿಂತ ಒಳ್ಳೆಯ ಕೊನೆ ಬೇಕೆ?

ಆ ಮಗುವಿನ ತೊಡೆಯೆಲುಬನ್ನು ಕಾಲ ನಿರ್ಣಯಕ್ಕೆ ಕಳಿಸಿದ್ದೇನೆ. ಪರೀಕ್ಷೆಯಲ್ಲಿ ಎಲುಬು ಸುಟ್ಟುಹೋಗುತ್ತದೆ, ಉತ್ತರ ಮಾತ್ರ ಉಳಿಯುತ್ತದೆ. ಉಳಿದ ಎಲುಬು ಅನುಮತಿ ಪಡೆದು ಇಲ್ಲಿಗೇ ತಂದಿದ್ದೇನೆ. ಉತ್ತರ ನನಗೆ ಈಗಲೇ ಗೊತ್ತು ಅನ್ನು. ಮನುಷ್ಯರು ಸುಳ್ಳು ಹೇಳುತ್ತಾರೆ, ಮಡಕೆ ಹೇಳುವುದಿಲ್ಲ.

ಅಂಕಲ್ ಮನೆಯ ಗುರುತು ಕೇಳಿ ಬರೆ. ಜನವರಿಯಲ್ಲಿ ಕೊನೆಯ ಸಲ ಹೋಗುತ್ತಿದ್ದೇನೆ. ಸಿಕ್ಕಿದರೆ ಖಂಡಿತ ಆ ಕೆಲಸ ಮಾಡುತ್ತೇನೆ.

ನಿನ್ನ ತಮ್ಮ
ಲತೇಶ

*

ಸನ್‌ಶೈನ್
17 ಡಿಸೆಂಬರ್ 2006

ಲತೇಶ,

ನೀನು ಹೊರಡುವ ಮೊದಲು ಸಿಗಲಿ ಎಂದು ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ಗುರುತು ಹೀಗೆ. ಮನೆ ದ್ವೀಪದ ಮೇಲ್ತುದಿಯಲ್ಲಿ, ಕವಲೊಡೆದ ಎರಡು ತಾಳೆಮರಗಳ ನಡುವೆ. ಮರ ಈಗ ಇದೆಯೋ ಇಲ್ಲವೋ ಅವರಿಗೆ ಗೊತ್ತಿಲ್ಲ. ಹೊಸ್ತಿಲಿಗೆ ಹಾಕಿದ್ದು ಹೂವು ಕೊರೆದ ಒಂದು ಕಲ್ಲು. ಅವರ ತಂದೆ ಕ್ರೈಸ್ತರ ಕಾಲದ ಪಾಳುಬಿದ್ದ ಇಗರ್ಜಿಯಿಂದ ದೋಣಿಯಲ್ಲಿ ಹೇರಿ ತಂದದ್ದಂತೆ. "ನಮ್ಮಲ್ಲಿ ಯಾರೂ ಹೊಸ ಕಲ್ಲು ಕಡೀತಿರಲಿಲ್ಲ ಸಿಸ್ಟರ್, ಹಿರಿಯರು ಕಡಿದಿಟ್ಟದ್ದು ಬೇಕಾದಷ್ಟಿತ್ತು," ಎಂದರು.

"ನನ್ನ ಮಗಳಿಗೆ ಈಗ ನಲವತ್ತು," ಎಂದೂ ಹೇಳಿದರು. ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದಕ್ಕೆ ಪಕ್ಕದ ಕುರ್ಚಿಯಲ್ಲಿದ್ದ ಗ್ರೀಕ್ ಹೆಂಗಸು ಇವರಿಗೆ ತಲೆ ಕೆಟ್ಟಿದೆ ಎಂಬಂತೆ ನೋಡಿದಳು. ನನಗೆ ಹಾಗೆ ಅನಿಸಲಿಲ್ಲ. ನಮ್ಮಲ್ಲಿಯೂ ಸತ್ತ ಮಕ್ಕಳು ಬೆಳೆಯುತ್ತಾರಲ್ಲ. ತೊಟ್ಟಿಲಲ್ಲೇ ಹೋದ ನಮ್ಮ ದೊಡ್ಡಕ್ಕನಿಗೆ ಆಟಿ ತಿಂಗಳಲ್ಲಿ ಮದುವೆ ಮಾಡಿದ್ದು ನಿನಗೆ ನೆನಪುಂಟೆ? ಹಾಗೇ ಸತ್ತ ಒಬ್ಬ ಹುಡುಗನನ್ನು ಹುಡುಕಿ, ಎರಡು ಮಣೆ ಹಾಕಿ, ಅಮ್ಮ ಸೀರೆ, ಬಳೆ, ಕರಿಮಣಿ ಇಟ್ಟು ಎಲೆ ಬಡಿಸಿದಳು. ನೀನು ಅಕ್ಕನ ಎಲೆಯ ಹೋಳಿಗೆಗೆ ಕೈ ಹಾಕಿ ಪೆಟ್ಟು ತಿಂದೆ. ಇದನ್ನು ನನ್ನ ಹರಕು ಅರಬ್ಬಿಯಲ್ಲಿ, ಅರ್ಧ ಕೈಸನ್ನೆಯಲ್ಲಿ ಅಂಕಲ್‌ಗೆ ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ. "ನಿಮ್ಮವಳಿಗೆ ಜಾಗ ಎಲ್ಲಿ?" ಎಂದು ಕೇಳಿದರು. ಹಿತ್ತಿಲ ತೆಂಗಿನ ಬುಡದಲ್ಲಿ ಎಂದೆ. "ನೀವು ಪುಣ್ಯವಂತರು, ಹೋಗಿ ನೋಡಬಹುದು," ಎಂದರು.

ಆಸ್ಟ್ರೇಲಿಯಾಕ್ಕೆ ಬಂದು ಇಷ್ಟು ವರ್ಷವಾಯಿತು, ನನ್ನನ್ನು ಯಾರೂ ಪುಣ್ಯವಂತೆ ಎಂದಿರಲಿಲ್ಲ ನೋಡು.

ಹುಷಾರಾಗಿ ಹೋಗಿ ಬಾ. ಬಿಸಿಲಿಗೆ ತಲೆ ಕೊಡಬೇಡ.

ಅಕ್ಕ

*

ಹ್ಯಾರಿಸ್ ಪಾರ್ಕ್
9 ಏಪ್ರಿಲ್ 2007

ಅಕ್ಕ,

ಬಂದು ಎರಡು ವಾರವಾಯಿತು. ಬರೆಯುವುದು ತಡವಾಯಿತು, ಕೆಲಸ ಬಹಳ.

ಇದ್ರಿಸ್ ಅವರ ಮನೆಯ ವಿಷಯ. ಹುಡುಕಿದೆವು. ದ್ವೀಪದ ಮೇಲ್ತುದಿಯ ಮನೆಗಳೆಲ್ಲ ಬಿದ್ದು ಒಂದರ ಹಾಗೆ ಇನ್ನೊಂದಿದೆ. ಮರಗಳಿಲ್ಲ. ಹೂವಿನ ಕಲ್ಲುಗಳು ಅಲ್ಲಿ ಅನೇಕ ಕಡೆ ಇರುತ್ತವೆ, ಒಂದನ್ನೇ ಗುರುತಾಗಿ ಹಿಡಿಯಲು ಬರುವುದಿಲ್ಲ. ನಲವತ್ತು ವರ್ಷದ ಹಿಂದಿನ ನೆನಪು ಯಾವಾಗಲೂ ಸರಿಯಿರಬೇಕೆಂದೂ ಇಲ್ಲ. ಅವರಿಗೆ ಹೆಚ್ಚು ಆಸೆ ಹುಟ್ಟಿಸದಿದ್ದರೆ ಒಳ್ಳೆಯದು.

ನನಗೂ ಈ ವರ್ಷ ಅದೃಷ್ಟವಿಲ್ಲ. ಮೀನಿನ ಮಡಕೆಯ ಎಲುಬಿನ ಪರೀಕ್ಷೆ ಕೆಟ್ಟಿತು. ಲ್ಯಾಬಿನವರು "ಆಧುನಿಕ" ಎಂದು ವರದಿ ಕಳಿಸಿದ್ದಾರೆ, ಐವತ್ತು ವರ್ಷಕ್ಕಿಂತ ಈಚಿನದಂತೆ. ಎಲ್ಲೋ ಕಲಬೆರಕೆಯಾಗಿದೆ. ಲೇಖನದಿಂದ ಆ ಅಂಕಿಯನ್ನು ತೆಗೆದು, ಮಡಕೆಯ ಕಾಲವನ್ನಷ್ಟೇ ಉಳಿಸಿಕೊಂಡೆ. ಅಚ್ಚಿಗೆ ಹೋಗಿದೆ.

ಶ್ರದ್ಧಾ ದಿ ಪಾಂಡ್ಸ್‌ನಲ್ಲಿ ಸೈಟ್ ನೋಡಬೇಕು ಎನ್ನುತ್ತಿದ್ದಾಳೆ. ಹೊಸ ಸಬರ್ಬ್, ಇನ್ನೂ ಬರೀ ಹುಲ್ಲು.

ಲತೇಶ

*

ಸನ್‌ಶೈನ್
20 ಮೇ 2007

ಲತೇಶ,

ಇದೆಂಥ ಕಾಗದ ಬರೆದಿದ್ದಿ? ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ. ಸಿಗಲಿಲ್ಲ ಎಂದರೆ ಸಿಗಲಿಲ್ಲ ಎನ್ನು. ಅವರ ನೆನಪಿನ ಮೇಲೆ ಯಾಕೆ ಹಾಕುತ್ತಿ? ನೀನು ಸರಿಯಾಗಿ ಹುಡುಕಲಿಲ್ಲ, ನನಗೆ ಗೊತ್ತು. ಚಿಕ್ಕಂದಿನಲ್ಲಿ ದನ ಹುಡುಕಲು ಕಳಿಸಿದರೆ ಕಟ್ಟೆಯ ಮೇಲೆ ಕುಳಿತು ಬಂದು "ಇಲ್ಲ" ಎನ್ನುತ್ತಿದ್ದವನು ನೀನು.

ಆದರೆ ನಾನೂ ಒಂದು ಕೆಲಸ ಮಾಡಿಬಿಟ್ಟಿದ್ದೇನೆ. ಫೆಬ್ರವರಿಯಲ್ಲಿ ಅಂಕಲ್‌ಗೆ ಎದೆಯಲ್ಲಿ ನೀರು ತುಂಬಿ ಉಸಿರೇ ಸಿಗುತ್ತಿರಲಿಲ್ಲ. ಉಳಿಯುವುದಿಲ್ಲ ಎಂದೇ ಎಲ್ಲರೂ ಅಂದುಕೊಂಡೆವು. ನನ್ನ ಕೈ ಹಿಡಿದು "ಆಯಿತಾ ಸಿಸ್ಟರ್?" ಎಂದರು. "ಆಯಿತು ಅಂಕಲ್, ತಮ್ಮ ಫೋನ್ ಮಾಡಿದ್ದ, ತಾಯಿಯ ಪಕ್ಕದಲ್ಲೇ ಇಟ್ಟನಂತೆ," ಎಂದೆ. ಸಾಯುವವರಿಗೆ ಹೇಳಿದ ಸುಳ್ಳು ದೇವರ ಲೆಕ್ಕಕ್ಕೆ ಬರುವುದಿಲ್ಲ ಎಂದುಕೊಂಡೆ. ಅವರು ಸಾಯಲಿಲ್ಲ. ಮುಂದಿನ ವಾರ ಎದ್ದು ಬಂದು ಇಡೀ ವಾರ್ಡಿಗೆ ಖರ್ಜೂರ ಹಂಚಿದರು.

ಅಂದಿನಿಂದ ದಿನಕ್ಕೊಂದು ಕೇಳುತ್ತಾರೆ. ಮಡಕೆ ಒಡೆಯಲಿಲ್ಲ ತಾನೆ? ಅದೂ ಇಗರ್ಜಿಯ ದಿಬ್ಬದಲ್ಲಿ ಸಿಕ್ಕಿದ ಹಳೆಯ ಮಡಕೆಯಂತೆ, ಮನೆಯಲ್ಲಿ ಅಷ್ಟು ದೊಡ್ಡದು ಬೇರೆ ಇರಲಿಲ್ಲವಂತೆ. ಮೈಮೇಲೆ ಬಾಲ ಮಾಸಿದ ಒಂದು ಮೀನು. ನೀನು ಬರೆದಿದ್ದೆಯಲ್ಲ ಅಂಥದೇ ಇರಬೇಕು, ಆ ಊರಿನಲ್ಲಿ ಎಲ್ಲ ಮಡಕೆಗೂ ಮೀನೇ ಬರೆಯುತ್ತಿದ್ದರೇನೋ. ಹಲೀಮಾ ತನ್ನ ಸರದಿಂದ ಒಂದು ನೀಲಿ ಪ್ಲಾಸ್ಟಿಕ್ ಮಣಿ ಬಿಚ್ಚಿ ದಾರದಲ್ಲಿ ಪೋಣಿಸಿ ಮಗುವಿನ ಕೈಗೆ ಕಟ್ಟಿದ್ದರಂತೆ. ಅದು ಇತ್ತಾ ಎಂದು ಕೇಳುತ್ತಾರೆ. ಇತ್ತು ಎಂದೆ. ಒಂದು ಸುಳ್ಳಿಗೆ ಹತ್ತು ಸುಳ್ಳು ಎಂದು ಸುಮ್ಮನೆ ಹೇಳಿದ್ದಲ್ಲ.

ಅಲ್ಲಿ ಯಾರಾದರೂ ಪರಿಚಯದವರಿಗೆ ಫೋನ್ ಮಾಡಿ ಇನ್ನೊಮ್ಮೆ ನೋಡಿಸು ಮಾರಾಯ. ನೀರು ಬರಲು ಇನ್ನೂ ಸಮಯ ಉಂಟಲ್ಲ? ನನ್ನ ಸುಳ್ಳನ್ನು ನಿಜ ಮಾಡಿಬಿಡು, ಮತ್ತೆ ಜನ್ಮದಲ್ಲಿ ನಿನ್ನನ್ನು ಏನೂ ಕೇಳುವುದಿಲ್ಲ.

ಅಕ್ಕ

*

ಸನ್‌ಶೈನ್
24 ಆಗಸ್ಟ್ 2008

ಲತೇಶ,

ಹೋದ ದೀಪಾವಳಿಗೆ ಬರೆದೆ, ಉತ್ತರವಿಲ್ಲ. ಯುಗಾದಿಗೆ ಬರೆದೆ, ಇಲ್ಲ. ಫೋನ್ ಮಾಡಿದರೆ ಶ್ರದ್ಧಾ ಎತ್ತಿಕೊಂಡು ಅವರು ಮಲಗಿದ್ದಾರೆ ಎನ್ನುತ್ತಾಳೆ. ನನ್ನ ಬೈಗಳಿಗೆ ಇಷ್ಟು ಸಿಟ್ಟೆ? ಹಿಂದೆಲ್ಲ ಎರಡು ದಿನಕ್ಕೆ ಇಳಿಯುತ್ತಿತ್ತು.

ಈ ವಾರ ಟಿವಿಯಲ್ಲಿ ತೋರಿಸಿದರು. ಹೇಳದೆ ಕೇಳದೆ ನೀರು ಏರಿದೆ, ಜನ ಮಂಚ ಹೊತ್ತು ಕತ್ತೆಗಳನ್ನು ಎಳೆದುಕೊಂಡು ಗುಡ್ಡಕ್ಕೆ ಓಡಿದ್ದಾರೆ. ವಾರ್ಡಿನ ಟಿವಿಯನ್ನು ಆರಿಸಲು ಹೋದೆ, ಅಂಕಲ್ ಬೇಡ ಎಂದರು. ನೀರಿನ ಮೇಲೆ ತಾಳೆಮರಗಳ ತಲೆ ಮಾತ್ರ ಕಾಣುತ್ತಿತ್ತು. ಪೂರ್ತಿ ನೋಡಿದರು.

"ಮುಳುಗಲಿ ಸಿಸ್ಟರ್," ಎಂದರು. "ನನ್ನವರಿಬ್ಬರೂ ಮೇಲಿದ್ದಾರೆ. ಒಟ್ಟಿಗೆ ಇದ್ದಾರೆ. ನಿಮ್ಮ ತಮ್ಮನಿಗೆ ಒಳ್ಳೇದಾಗಲಿ ಅಂತ ದಿನಾ ದೇವರ ಹತ್ತಿರ ದುವಾ ಮಾಡ್ತೇನೆ."

ನಾನು ಬಾತ್‌ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನಿನಗೆ ತಿಳಿದಿರಲಿ ಎಂದು ಬರೆದೆ.

ಅಕ್ಕ

*

ಹ್ಯಾರಿಸ್ ಪಾರ್ಕ್
14 ಸೆಪ್ಟೆಂಬರ್ 2008

ಅಕ್ಕ,

ಸಿಟ್ಟಲ್ಲ. ಸಿಟ್ಟಾಗುವ ಯೋಗ್ಯತೆ ನನಗಿಲ್ಲ.

ಆ ಮಗು ನನಗೆ ಸಿಕ್ಕಿತ್ತು. ನಿನ್ನ ಮೊದಲ ಕಾಗದ ಬರುವುದಕ್ಕೂ ಮುಂಚೆಯೇ ಸಿಕ್ಕಿತ್ತು. ಮೀನಿನ ಮಡಕೆಯಲ್ಲಿದ್ದವಳು ಅವಳೇ.

ಸಾವಿರ ವರ್ಷದ ಮಡಕೆ, ಸಾವಿರ ವರ್ಷದ ಹೊಸ್ತಿಲು, ಆದ್ದರಿಂದ ಸಾವಿರ ವರ್ಷದ ಮಗು ಎಂದು ಬರೆದೆ. ಆ ದ್ವೀಪದವರು ಹಳೆಯದನ್ನೇ ಎತ್ತಿ ಬಳಸುತ್ತಿದ್ದರೆಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು, ತರಗತಿಯಲ್ಲಿ ಪಾಠ ಮಾಡುತ್ತೇನೆ. ಲ್ಯಾಬು ನಿಜ ಹೇಳಿದರೆ ಕಲಬೆರಕೆ ಎಂದೆ. ಮಣಿ ಸಿಕ್ಕಿದಾಗ ಇಲಿ ತಂದದ್ದು ಎಂದೆ. ಮಡಕೆ ಸುಳ್ಳು ಹೇಳಲಿಲ್ಲ ಅಕ್ಕ. ಅದು ತನ್ನ ವಯಸ್ಸು ಹೇಳಿತು, ಮಗುವಿನ ವಯಸ್ಸನ್ನು ನಾನು ಕೇಳಲೇ ಇಲ್ಲ.

ಇನ್ನೊಂದನ್ನೂ ಹೇಳುತ್ತೇನೆ. ಹೂವಿನ ಕಲ್ಲಿನ ಹೊಸ್ತಿಲು ಎಂದು ನೀನು ಬರೆದದ್ದನ್ನು ವಿಮಾನದಲ್ಲಿ ಓದಿದಾಗಲೇ ನನಗೆ ಅನುಮಾನ ಬಂದಿತ್ತು. ಅಲ್ಲಿ ಹೋಗಿ ಆ ಹೊಸ್ತಿಲ ಮುಂದೆ ನಿಂತೆ. ಎರಡು ಪಕ್ಕಕ್ಕೂ ತಾಳೆಮರದ ಬೊಡ್ಡೆಗಳಿದ್ದವು. ಕಂಡೂ ಕಾಣದವನ ಹಾಗೆ ಬಂದೆ. ಲೇಖನ ಅಚ್ಚಿಗೆ ಹೋಗುವುದರಲ್ಲಿತ್ತು. ಸಿಗಲಿಲ್ಲ ಎಂದು ನಿನಗೆ ಬರೆದೆ. ಆಗಲೇ ಒಪ್ಪಿಕೊಂಡಿದ್ದರೆ ಉಳಿದ ಎಲುಬನ್ನಾದರೂ ಅವರ ಕೈಗೆ ಕೊಡಬಹುದಿತ್ತು.

ನಿನ್ನ ಮೇ ತಿಂಗಳ ಕಾಗದದಲ್ಲಿ ಮಣಿಯ ವಿಷಯ ಓದಿ ನಮ್ಮ ವಿಭಾಗದ ಉಗ್ರಾಣಕ್ಕೆ ಓಡಿದೆ. ಉಳಿದ ಎಲುಬಿನ ಡಬ್ಬಿ ಇರಲಿಲ್ಲ. ಕಲಬೆರಕೆ, ಬೇಡ ಎಂದು ಅದರ ಮೇಲೆ ಬರೆದವನು ನಾನೇ. ಜಾಗ ಖಾಲಿ ಮಾಡುವಾಗ ಬೇಡವಾದ ಡಬ್ಬಿಗಳನ್ನು ಆಸ್ಪತ್ರೆಯ ಕಸದ ಜೊತೆ ಸುಡಲು ಕಳಿಸಿದ್ದಾರೆ. ಯಾವ ಕುಲುಮೆ, ಬೂದಿ ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. ಕೇಳುವವನನ್ನು ನೋಡಿ ನಕ್ಕರು. ಒಂದು ವರ್ಷದಿಂದ ಕೇಳುತ್ತಿದ್ದೇನೆ. ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರಲ್ಲ, ಬಂದ ಬುದ್ಧಿಯನ್ನು ಏನು ಮಾಡಬೇಕೆಂದು ಯಾರೂ ಹೇಳಿಲ್ಲ.

ಇಲಿಯ ಕಸವನ್ನು ಬೇರೆ ಪೊಟ್ಟಣದಲ್ಲಿ ಇಟ್ಟಿದ್ದರಿಂದ ಮಣಿ ಮಾತ್ರ ಉಳಿದಿತ್ತು. ಇದರ ಜೊತೆ ಬೆಂಕಿಪೆಟ್ಟಿಗೆಯಲ್ಲಿ ಇಟ್ಟು ರಿಜಿಸ್ಟರ್ ಮಾಡಿದ್ದೇನೆ. ಅವರಿಗೆ ಕೊಡುವುದೋ ಬಿಡುವುದೋ ನಿನಗೆ ಬಿಟ್ಟದ್ದು. ಅವರು ನನಗೆ ದುವಾ ಮಾಡುವುದನ್ನು ಹೇಗಾದರೂ ನಿಲ್ಲಿಸು ಅಕ್ಕ. ಅದೊಂದನ್ನು ತಡೆದುಕೊಳ್ಳಲು ನನ್ನಿಂದ ಆಗುತ್ತಿಲ್ಲ.

ಲತೇಶ

*

ಸನ್‌ಶೈನ್
2 ನವೆಂಬರ್ 2008

ಲತೇಶ,

ಮಣಿ ತಲುಪಿತು. ನಿನ್ನನ್ನು ಬೈಯಲು ಕುಳಿತು ಮೂರು ಕಾಗದ ಹರಿದೆ. ನನ್ನ ಸುಳ್ಳು ನಿನ್ನದಕ್ಕಿಂತ ಚಿಕ್ಕದೇನಲ್ಲ.

ಬಹಳ ದಿನ ಮಣಿಯನ್ನು ಪರ್ಸಿನಲ್ಲಿಟ್ಟುಕೊಂಡು ತಿರುಗಿದೆ. ಕೊನೆಗೆ ಕೊಟ್ಟೆ. ಸುಳ್ಳು ಸುಳ್ಳಾಗಿಯೇ ಇರಲಿ, ಮಗಳ ಗುರುತು ಒಂದಾದರೂ ಕೈಯಲ್ಲಿರಲಿ ಎಂದುಕೊಂಡೆ. "ತಮ್ಮ ಕಳಿಸಿದ್ದಾನೆ," ಎಂದೆ. ನನ್ನ ಬುದ್ಧಿಗೆ ಅದು ಹೊಳೆಯಲೇ ಇಲ್ಲ ಲತೇಶ. ಅವರು ಮಣಿಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಖ ಅರಳಿತು, ಆಮೇಲೆ ನಿಧಾನಕ್ಕೆ ಬಾಡಿತು.

"ಅವಳನ್ನು ಹಾಗೇ ಎತ್ತಿ ಇಟ್ಟಿದ್ದರೆ, ಕೈಯಿಂದ ಇದನ್ನು ಯಾಕೆ ಬಿಚ್ಚಿದರು ಸಿಸ್ಟರ್?"

ಇನ್ನೊಂದು ಸುಳ್ಳು ಬಾಯಿಗೆ ಬರಲಿಲ್ಲ. ಎಲ್ಲವನ್ನೂ ಹೇಳಿದೆ. ನನಗೆ ಬರುವುದು ಆಸ್ಪತ್ರೆಯ ಅರಬ್ಬಿ, ಎಲ್ಲಿ ನೋವು, ಉಸಿರು ಎಳೆಯಿರಿ, ಇಲ್ಲಿ ಸಹಿ ಹಾಕಿ. ಅಷ್ಟರಲ್ಲೇ ಹೇಳಬೇಕಾಯಿತು. ಮಗುವನ್ನು ಸುಟ್ಟರು ಎನ್ನುವುದಕ್ಕೆ ಬೇರೆ ಶಬ್ದ ಗೊತ್ತಿಲ್ಲದೆ, ಕಸ ಸುಡುವುದಕ್ಕೆ ಹೇಳುವ ಶಬ್ದವನ್ನೇ ಹೇಳಿದೆ. ಅವರು ಬೈಯಲಿಲ್ಲ, ಅಳಲಿಲ್ಲ. ಮಷೀನ್ ನಿಲ್ಲುವವರೆಗೆ ಕುಳಿತಿದ್ದು, ಯಾವತ್ತಿನ ಹಾಗೆ ಥ್ಯಾಂಕ್ಸ್ ಹೇಳಿ ಹೋದರು.

ಮತ್ತೆ ಬರಲಿಲ್ಲ. ಡಯಾಲಿಸಿಸ್ ಬೇಡ ಎಂದರಂತೆ. ಮಗ ಕಾಲು ಹಿಡಿದ, ಡಾಕ್ಟರ್ ಮನೆಗೆ ಹೋದರು, ಬೇಡ ಎಂದರೆ ಬೇಡ. ಡಯಾಲಿಸಿಸ್ ಬಿಟ್ಟವರು ಎಷ್ಟು ದಿನ ಇರುತ್ತಾರೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೋಡಲು ಹೋದೆ. ಬಾಗಿಲಲ್ಲೇ ತಡೆಯುತ್ತಾರೆ ಎಂದುಕೊಂಡಿದ್ದೆ, ಒಳಗೆ ಕರೆದರು. ಪಾದವೆಲ್ಲ ಊದಿತ್ತು. ನಿನ್ನ ಹೆಸರು ಎತ್ತಲಿಲ್ಲ. ದುವಾ ನಿಂತಿದೆ, ನೀನು ಕೇಳಿದ್ದು ಅದೊಂದು ನಡೆಯಿತು.

ಹೊರಡುವಾಗ ನನ್ನ ಅಂಗೈ ಬಿಡಿಸಿ ಮಣಿಯನ್ನು ಇಟ್ಟರು.

"ಇದು ಅವಳದು. ನನ್ನ ಜೊತೆ ಹೂಳೋದು ಸರಿಯಲ್ಲ. ಅವಳು ಎಲ್ಲಿದ್ದಾಳೋ ಅಲ್ಲೇ ಇಟ್ಟುಬಿಡಿ ಸಿಸ್ಟರ್."

ಆಗಲಿ ಎಂದೆ. ಮತ್ತೆ ಮಾತು ಕೊಟ್ಟೆ. ಶುಕ್ರವಾರ ತೀರಿಕೊಂಡರು. ನಿನ್ನೆ ಮಣ್ಣು ಮಾಡಿದರು.

ನಮ್ಮ ದೊಡ್ಡಕ್ಕನಿಗೆ ತೆಂಗಿನ ಬುಡವಾದರೂ ಉಂಟು. ಮಣಿ ಈಗ ನನ್ನ ಮೇಜಿನ ಮೇಲಿದೆ. ನಿರೀಕ್ಷಾ ಕಸವೆಂದು ಎತ್ತಿಹಾಕಲು ಹೋಗಿದ್ದಳು, ಕಿರುಚಿದೆ. ಕ್ಷಮೆ ಗಿಮೆ ಏನೂ ಬರೆಯಬೇಡ, ನನ್ನ ಹತ್ತಿರ ಅದು ಇಲ್ಲ. ನೆಲ ಓದುವವನು ನೀನು. ಇದನ್ನು ಎಲ್ಲಿ ಇಡಬೇಕು, ಅಷ್ಟು ಮಾತ್ರ ಬರೆ.

ಜಲಜಾಕ್ಷಿ